ಮಂಚದ ಬಾಜೂ ಹಳಿ

ಇಂಟರ್ನೆಟ್ಟಿಗೆ ಫೋನಿನ ತಂತಿ ಬೇಕಿದ್ದ ಕಾಲ. ಗೋಕಾಕದ ನನ್ನ ಕಂಪ್ಯೂಟರ್ ಸೆಂಟರಿಗೆ ನಿವೃತ್ತ ಚಿತ್ರಕಲಾ ಮಾಸ್ತರರೊಬ್ಬರು ಬರುತ್ತಿದ್ದರು. ಮಾತುಮಾತಿಗೂ "ಖರೆ ಹೇಳು ತಂಗಿ" ಎನ್ನುವವರು. ಮನೆಯಲ್ಲಿ ಆಟಿಕೆ ರೈಲು ಓಡಿಸಬೇಕು, ಹಳಿಯ ನಕ್ಷೆ ಬರೆಯುವ ಸಾಫ್ಟ್‌ವೇರ್ ಆರಿಸಿಕೊಡು ಎಂದರು. ನಾನು ಎರಡನ್ನು ಇಳಿಸಿ ತೋರಿಸಿದೆ.

ಮೊದಲನೆಯದರಲ್ಲಿ ಗುಡ್ಡ, ಸೇತುವೆ, ಹೊಗೆಯುಗುಳುವ ಇಂಜಿನ್ ಎಲ್ಲ ಇದ್ದವು. ಹಳಿ ಮಾತ್ರ ಒಂದೇ ಸಿದ್ಧ ಸುತ್ತು. ಎರಡನೆಯದರಲ್ಲಿ ಬರೀ ಗೆರೆಗಳು. ಆದರೆ ಕೋಣೆಯ ಅಳತೆಗೆ ತಕ್ಕಂತೆ ಹಳಿಯನ್ನು ಬಾಗಿಸಬಹುದಿತ್ತು. ಜೀವನವಿಡೀ ಚಿತ್ರ ಬರೆದವರು ಮೊದಲನೆಯದನ್ನೇ ಒಪ್ಪುತ್ತಾರೆಂದುಕೊಂಡೆ. ಅವರು ಅದನ್ನು ಬಹಳ ಹೊತ್ತು ನೋಡಿ ಕನ್ನಡಕ ಒರೆಸಿಕೊಂಡರು.

"ಚಂದ ಐತಿ. ಆದ್ರ ಖರೆ ಹೇಳು ತಂಗಿ, ಇದರಾಗ ಗಾಡಿ ನಮ್ಮಾಕಿ ಮಂಚದ ಬಾಜೂ ಹಾದು ಹೋಗತೈತೇನು? ಆಕಿಗೆ ರೈಲಂದ್ರ ಜೀವ. ಈಗ ಎದ್ದು ಅಡ್ಡಾಡಾಕ ಆಗಂಗಿಲ್ಲ."

ಗೆರೆಗಳದ್ದನ್ನೇ ಆರಿಸಿದೆವು. ಆ ನಕ್ಷೆಯಂತೆ ಹಲಗೆಯ ಮೇಲೆ ಹಳಿ ಜೋಡಿಸಿ, ಮೊದಲ ಓಟಕ್ಕೆ ನನ್ನನ್ನೂ ಮನೆಗೆ ಕರೆದರು. ಪುಟ್ಟ ರೈಲು ಬಾಗಿಲ ಬಳಿ ಹೊರಳಿ ಬಂದು ಮಂಚದ ಪಕ್ಕ ನಿಂತಿತು.

"ನಮ್ಮ ಘಟಪ್ರಭಾ ಟೇಶನ್ ಬಂತು. ಇಳೀತಿಯೇನು?" ಎಂದು ಮಾಸ್ತರರು ಹೆಂಡತಿಯನ್ನು ಕೇಳಿದರು.

ಆಕೆ ದಿಂಬಿಗೊರಗಿಕೊಂಡೇ ನಕ್ಕರು. "ಬ್ಯಾಡ್ರಿ, ಇನ್ನೂ ಮುಂದ ಹೋಗೂಣು."