ಜೈಲಿನ ಮುಂದಿನ ‘ದ’

ಕಾಟಲಿಂಗಪ್ಪ ಮೇಷ್ಟ್ರು ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ಹಟ್ಟಿಯಲ್ಲಿ ಕುರಿ ಕಾಯುವುದು ಬಿಟ್ಟು ಬಿ.ಎ. ಮಾಡಿದವರಲ್ಲಿ ಅವರೇ ಮೊದಲಿಗರು. ಇಂಗ್ಲಿಷಿನಲ್ಲಿ ತಪ್ಪು ಕಂಡರೆ ಕೆಂಪು ಪೆನ್ನು ತಡೆಯುತ್ತಿರಲಿಲ್ಲ.

೧೯೭೪ರ ಜೂನ್‌ನಲ್ಲಿ, ಆಗಷ್ಟೇ ಎಸ್ಸೆಸ್ಸೆಲ್ಸಿ ಪಾಸಾಗಿದ್ದ ಅವರ ವಿದ್ಯಾರ್ಥಿನಿ ಚಿತ್ತಮ್ಮ ದುರ್ಗದ ಹಾಸ್ಟೆಲಿಗೆ ಬರೆದ ಅರ್ಜಿ ತಂದು ತೋರಿಸಿದಳು. ಅವಳ ಅಪ್ಪ ಜುಂಜಪ್ಪ ಜೈಲಿನಲ್ಲಿ ಅಡುಗೆಯವನು. ಅದು ಮೇಷ್ಟ್ರಿಗೆ ಗೊತ್ತಿದ್ದದ್ದೇ. ‘ಮೈ ಫಾದರ್ ಈಸ್ ಇನ್ ದ ಜೈಲ್’ ಎಂದು ಬರೆದಿದ್ದಳು.

“ಸ್ಕೂಲು, ಆಸ್ಪತ್ರೆ, ಜೈಲು, ಇವುಗಳ ಮುಂದೆ ‘ದ’ ಬರಲ್ಲ ಅಂತ ಎಷ್ಟು ಸಲ ಹೇಳಿಲ್ಲ?” ಎಂದು ‘ದ’ ಹೊಡೆದುಹಾಕಿದರು.

“ಅಲ್ಲ ಸಾ…”

“ಏನ್ ಅಲ್ಲ? ನೀಟಾಗಿ ಬರ್ದು ಕಳ್ಸು ಹೋಗು.”

ಸಂದರ್ಶನದ ದಿನ ಹಾಸ್ಟೆಲಿನ ಅಧಿಕಾರಿ ಅರ್ಜಿ ಓದಿ, ಎಲ್ಲರೆದುರು ಕೇಳಿದರು: “ನಿಮ್ಮಪ್ಪ ಯಾವ ಕೇಸಲ್ಲಿ ಒಳಗಿದ್ದಾನಮ್ಮ?”

ಒಗೆದ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿದ್ದ ಜುಂಜಪ್ಪ, “ನಾನೇ ಅಪ್ಪ ಸ್ವಾಮಿ. ಅಲ್ಲಿ ಅಡಿಗೆ ಮಾಡ್ತೀನಿ” ಎಂದ. ಕೂತವರು ನಕ್ಕರು. ಅಪ್ಪ ಜೈಲುಪಾಲಾಗಿದ್ದಾನೆಂದು ಸುಳ್ಳು ಬರೆದಿದ್ದಾಳೆ ಎಂದು ಅಧಿಕಾರಿ ಅರ್ಜಿ ವಾಪಸು ಕೊಟ್ಟರು.

ಸುದ್ದಿ ಕೇಳಿ ಮೇಷ್ಟ್ರು, “ಆ ಆಫೀಸರಿಗೇ ಇಂಗ್ಲಿಷ್ ಬರಲ್ಲ!” ಎಂದು ರೇಗಿ, ಉಳಿದ ಮೇಷ್ಟ್ರುಗಳಿಗೆ ತೋರಿಸಲು ವ್ಯಾಕರಣದ ಪುಸ್ತಕ ತೆಗೆದರು. ಅವರು ಕಲಿಸುತ್ತಿದ್ದ ನಿಯಮ ಪುಟದ ಕೊನೆಯಲ್ಲಿತ್ತು. ಹಾಳೆ ತಿರುವಿದರೆ ಅದರ ಮುಂದಿನ ಮಾತು: ಆ ಜಾಗ ಯಾವುದಕ್ಕೆಂದು ಇದೆಯೋ ಅದಕ್ಕೇ ಹೋದವರಿಗೆ ಮಾತ್ರ ‘ದ’ ಬೇಡ, ಬೇರೆ ಕೆಲಸಕ್ಕೆ ಹೋದವರಿಗೆ ಬೇಕು. ಕೈದಿಗೆ ಬೇಡ, ಅಡುಗೆಯವನಿಗೆ ಬೇಕು. ಹನ್ನೊಂದು ವರ್ಷ ಕಲಿಸಿದ್ದರು, ಆ ಹಾಳೆ ತಿರುವಿರಲಿಲ್ಲ. ಪುಸ್ತಕ ಮುಚ್ಚಿದರು.

ಭಾನುವಾರ ಜುಂಜಪ್ಪನ ಮನೆಗೆ ಹೋದರು. ಆತ ಕಂಬಳಿ ಹಾಸಿ, “ಕುಂತ್ಕಳ್ರಿ ಮೇಷ್ಟ್ರೇ. ನಮ್ ಹುಡುಗಿ ತಪ್ಪು ಬರ್ದು ನಿಮ್ ಹೆಸ್ರು ಕೆಡಿಸ್ತು. ಮನಸಿಗೆ ಹಚ್ಕಬ್ಯಾಡ್ರಿ” ಎಂದ.

ಚಿತ್ತಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಮೇಷ್ಟ್ರು ತಿದ್ದಿದ್ದೆಂದು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಮೇಷ್ಟ್ರು ಕಂಬಳಿಯ ಮೇಲೆ ಕೂರಲಿಲ್ಲ.

“ಅವಳು ಬರ್ದಿದ್ದು ಸರಿ ಇತ್ತು ಜುಂಜಪ್ಪ. ಅದ್ರಲ್ಲಿ ‘ದ’ ಅನ್ನೋ ಒಂದಕ್ಷರ ಹೊಡೆದುಹಾಕಿದೋನು ನಾನು.”

ಜುಂಜಪ್ಪ ಮಗಳ ಕಡೆ ನೋಡಿದ. “ಒಂದು ಅಕ್ಷರದಾಗೆ ಅಷ್ಟೊಂದು ಐತೇನ್ರಿ?” ಎಂದ.

ಮರುದಿನವೇ ಮೇಷ್ಟ್ರು ದುರ್ಗಕ್ಕೆ ಹೋಗಿ, ತಪ್ಪು ತನ್ನದೆಂದು ಬರೆದುಕೊಟ್ಟು ಬಂದರು. ಆಗಸ್ಟಿನಲ್ಲಿ ಒಂದು ಸೀಟು ತೆರವಾಗಿ ಚಿತ್ತಮ್ಮನಿಗೆ ಸಿಕ್ಕಿತು. ರಜೆಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳು, “ನಮಸ್ಕಾರ ಸಾ” ಎನ್ನುವಳು. ಮೇಷ್ಟ್ರು ಅವಳ ಮುಖ ನೋಡದೆ, ಬಸ್ಸಿನ ಬೋರ್ಡು ಓದುತ್ತಲೇ ತಲೆಯಾಡಿಸುವರು.