ನೀಲಕ್ಕನ ದನಿ

ಫೋನಿನಲ್ಲಿ ಮಾತಾಡಬೇಕಾದರೆ ನೀಲಕ್ಕ ಎದ್ದು ನಿಲ್ಲುತ್ತಿದ್ದಳು. ಆಚೆ ಕಡೆ ಗದಗಿನ ದೊಡ್ಡ ಸಗಟು ವ್ಯಾಪಾರಿಯೇ ಇರಲಿ, ಹತ್ತಿ, ಬ್ಯಾಂಡೇಜು ಮಾರುವ ಸಣ್ಣ ಅಂಗಡಿಯವನೇ ಇರಲಿ, ಕುರ್ಚಿ ಹಿಂದೆ ಸರಿಸಿ, ಸೆರಗು ಸರಿಮಾಡಿಕೊಂಡು, ಮೇಜಿಗೆ ಒಂದು ಕೈ ಊರಿ ನಿಂತ ಮೇಲೆಯೇ "ನಮಸ್ಕಾರ್ರಿ" ಎನ್ನುತ್ತಿದ್ದಳು. ಒಮ್ಮೆ ನಾನು ನಕ್ಕು, "ಅಕ್ಕಾ, ನೀವು ನಿಂತದ್ದು ಅವ್ರಿಗೆ ಕಾಣಸ್ತೈತೇನ್ರಿ?" ಎಂದೆ.

"ಕಾಣಸೂದಿಲ್ಲ, ಕೇಳಸ್ತೈತಿ," ಎಂದಳು. "ಕುಂತ ಕೇಳಿದ್ರ ನಾಳೆ ಕಳಸ್ತೀನಿ ಅಂತಾರ. ನಿಂತ ಕೇಳಿದ್ರ ಇವತ್ತ ಕಳಸ್ತಾರ."

ನಮ್ಮದು ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಲ್ಲಿರುವ ಖಾಸಗಿ ಆಸ್ಪತ್ರೆ. ಮೂರಕ್ಕೂ ಬೇಕಾದ ಸೂಜಿ, ಸಲೈನು, ಆಮ್ಲಜನಕದ ಸಿಲಿಂಡರು, ಕೊನೆಗೆ ನೆಲ ಒರೆಸುವ ಫಿನಾಯಿಲಿನವರೆಗೆ ಎಲ್ಲವನ್ನೂ ತರಿಸುತ್ತಿದ್ದವಳು ರೋಣದಲ್ಲಿ ಕೂರುವ ಖರೀದಿ ಗುಮಾಸ್ತೆ ನೀಲಕ್ಕ. ಗಂಡ ತೀರಿಕೊಂಡ ವರ್ಷವೇ ಈ ಕೆಲಸಕ್ಕೆ ಬಂದವಳು. ಮಕ್ಕಳಿರಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಬಾಡಿಗೆ ಕೋಣೆ, ಆಸ್ಪತ್ರೆಯಲ್ಲಿ ಒಂದು ಮೇಜು, ಇಷ್ಟೇ ಆಕೆಯ ಪ್ರಪಂಚ.

ಪಕ್ಕದ ಔಷಧಿ ಕೌಂಟರಿಗೆ ನಾನು ಸೇರಿದ ಮೊದಲ ವಾರ, ಬೇಡಿಕೆ ಚೀಟಿಯಲ್ಲಿ ಒಂದು ಮಾತ್ರೆಯ ಮುಂದೆ "ಮುಗಿದಿದೆ" ಎಂದು ಬರೆದು ಕಳಿಸಿದ್ದೆ. ನೀಲಕ್ಕ ಚೀಟಿ ಹಿಡಿದು ನನ್ನಲ್ಲಿಗೇ ಬಂದಳು.

"ತಂಗಿ, ಮುಗದದ್ದನ್ನ ಯಾರ್ ಬೇಕಾದ್ರೂ ಬರೀತಾರ. ಮುಗಿಯೂಕಿಂತ ಮದ್ಲ ಬರಿಯಾಕ ನಿನ್ನ ಇಲ್ಲಿ ಕುಂದರಿಸ್ಯಾರ."

ಬೈದಂತೆಯೂ ಇತ್ತು, ತಲೆ ಸವರಿದಂತೆಯೂ ಇತ್ತು. ಆ ಮಾತ್ರೆ ಮಧ್ಯಾಹ್ನದ ಬಸ್ಸಿಗೆ ಬಂತು. ನಾನು ಮರೆತದ್ದು ಮೇಲಿನವರಿಗೆ ಗೊತ್ತಾಗಲೇ ಇಲ್ಲ.

ಎರಡು ವರ್ಷದ ಹಿಂದೆ ಆಡಳಿತದವರು ಖರೀದಿಗೆ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ತಂದರು. ದರಪಟ್ಟಿಗಳನ್ನು ಅದೇ ಓದಿ, ಹೋಲಿಸಿ, ಆರ್ಡರು ಬರೆದು, ವ್ಯಾಪಾರಿಗಳಿಗೆ ಫೋನನ್ನೂ ಮಾಡುತ್ತದಂತೆ. ಅದಕ್ಕೆ ಕಲಿಸಲು ನೀಲಕ್ಕನ ತಲೆಯಲ್ಲಿರುವುದೆಲ್ಲ ಬೇಕಿತ್ತು. ಅದನ್ನು ಕೇಳಿ ಕೇಳಿ ಬರೆದುಕೊಡುವ ಕೆಲಸ ನನಗೆ ಬಂತು. ಕಂಪ್ಯೂಟರು ಬಲ್ಲವಳು, ಆಕೆಗೆ ಬೇಕಾದವಳು ಎಂಬುದೇ ನನ್ನ ಅರ್ಹತೆ.

ಮೂರು ವಾರ ಎದುರು ಕೂತೆ. ಈ ವ್ಯಾಪಾರಿ ಯಾಕೆ, ಆತ ಯಾಕಲ್ಲ, ಹತ್ತು ಕೇಳಿದ ಡಾಕ್ಟರಿಗೆ ಆರೇ ಯಾಕೆ ತರಿಸಿದಿರಿ ಎಂದು ಕೇಳುತ್ತ ಹೋದೆ. ಆಕೆ ಏನನ್ನೂ ಮುಚ್ಚಿಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆಕೆಯ ಕೆಲಸದ ಬಗ್ಗೆ "ಯಾಕೆ" ಎಂದು ಕೇಳಿದವಳು ನಾನೇ ಮೊದಲಿಗಳು. ಆ ಖುಷಿಯಲ್ಲಿ ನನಗೂ ಸೇರಿಸಿ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಕೊನೆಯ ದಿನ ಬುತ್ತಿ ಬಿಚ್ಚುತ್ತ ಕೇಳಿದಳು:

"ಇಷ್ಟೆಲ್ಲಾ ಅದು ಕಲತ ಮ್ಯಾಲ ನಾ ಏನ್ ಮಾಡ್ಬೇಕ ತಂಗಿ?"

"ನೀವು ಅದನ್ನ ನೋಡ್ಕೋತ ಇರ್ತೀರಿ, ಅಕ್ಕಾ," ಎಂದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಮೊದಲು ಆ ಮಷಿನ್ನು ಪುಸ್ತಕದ ಕನ್ನಡದಲ್ಲಿ ಫೋನು ಮಾಡುತ್ತಿತ್ತು. "ಸರಕನ್ನು ಯಾವಾಗ ಕಳುಹಿಸುತ್ತೀರಿ?" ಎಂದರೆ ನಮ್ಮ ಕಡೆಯ ವ್ಯಾಪಾರಿಗಳು ನಕ್ಕು ಇಟ್ಟುಬಿಡುತ್ತಿದ್ದರು. ಮಷಿನ್ನು ಕೊಟ್ಟ ಕಂಪನಿಯವರು ನೀಲಕ್ಕನ ಹಳೆಯ ಕರೆಗಳ ಧ್ವನಿಮುದ್ರಣ ಒಯ್ದರು. ತಿಂಗಳೊಪ್ಪತ್ತಿನಲ್ಲಿ ಮಷಿನ್ನು ಆಕೆಯ ದನಿಯಲ್ಲೇ "ನಮಸ್ಕಾರ್ರಿ, ರೋಣದ ದವಾಖಾನಿಯಿಂದ ಮಾತಾಡಾಕತ್ತೇನ್ರಿ, ಲಗೂನ ಕಳಸ್ರಿ" ಎನ್ನತೊಡಗಿತು. ಮೊದಲ ಸಲ ಕೇಳಿದಾಗ ನೀಲಕ್ಕ ಬಾಯಿಗೆ ಸೆರಗು ಹಿಡಿದುಕೊಂಡಳು. ನಗುತ್ತಿದ್ದಾಳೆ ಎಂದುಕೊಂಡೆ.

ಆಮೇಲೆ ಆಕೆಗೆ ಉಳಿದದ್ದು ಬಂದ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ.

ಹೊಲಗಳಲ್ಲಿ ಹೆಸರುಕಾಳು ಬಿಡಿಸುವ ಕಾಲ. ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನರಗುಂದದಿಂದ ಡಾಕ್ಟರು ಫೋನು ಮಾಡಿದರು. ಚಿಕ್ಕನರಗುಂದದ ಒಬ್ಬ ಹೆಣ್ಣುಮಗಳಿಗೆ ಹೊಲದಲ್ಲಿ ಹಾವು ಕಚ್ಚಿದೆ, ವಿಷಕ್ಕೆ ಕೊಡುವ ಇಂಜೆಕ್ಷನ್ನು ಇದ್ದದ್ದೆಲ್ಲ ಹಾಕಿ ಮುಗಿಯುತ್ತ ಬಂದಿದೆ, ಇನ್ನೂ ಬೇಕು ಎಂದರು. ಕಂಪ್ಯೂಟರು ನೋಡಿದೆ. ಆರ್ಡರ್ ಆಗಿದೆ, ನಾಳೆ ತಲುಪುತ್ತದೆ ಎಂದಿತ್ತು. ಹಿಂದಿನೆರಡು ವರ್ಷ ಮಳೆ ಕಡಿಮೆ, ಹಾವು ಕಚ್ಚಿದವರೂ ಕಡಿಮೆ. ಆ ಲೆಕ್ಕದಲ್ಲಿ ಮಷಿನ್ನು ಕಡಿಮೆ ತರಿಸಿತ್ತು, ನಮ್ಮ ಉಳಿದೆರಡು ಆಸ್ಪತ್ರೆಯಲ್ಲೂ ಇರಲಿಲ್ಲ. ಹೆಸರು ಚಲೋ ಬೆಳೆದ ವರ್ಷ ಬಿಡಿಸಲು ಹೊಲಕ್ಕಿಳಿಯುವವರು ಹೆಚ್ಚು, ಹಾವು ಕಚ್ಚುವುದೂ ಹೆಚ್ಚು, ಆಗ ನರಗುಂದಕ್ಕೆ ಹೆಚ್ಚು ಕಳಿಸಬೇಕೆಂದು ನೀಲಕ್ಕ ನನಗೆ ಹೇಳಿರಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದೇ ಆಕೆಗೆ ಅನಿಸಿರಲಿಲ್ಲ.

ಚೀಟಿ ಅಂಟಿಸುತ್ತಿದ್ದವಳು ಕೈ ಒರೆಸಿಕೊಂಡು ಎದ್ದಳು. ಗಜೇಂದ್ರಗಡದ ಸಗಟು ಔಷಧಿ ವ್ಯಾಪಾರಿ ಬಾಬುಸಾಹೇಬರ ಹತ್ತಿರ ಅದು ಖಂಡಿತ ಇರುತ್ತದೆಂದು ಆಕೆಗೆ ಗೊತ್ತಿತ್ತು. ಫೋನು ಹಚ್ಚಿದಳು.

"ನಮಸ್ಕಾರ್ರಿ ಸಾಹೇಬ್ರ, ರೋಣದ ದವಾಖಾನಿಯಿಂದ..."

ಆಚೆ ಕಡೆಯವರು ಇಟ್ಟುಬಿಟ್ಟರು. ಮತ್ತೆ ಹಚ್ಚಿದಳು. ಮತ್ತೆ ಇಟ್ಟರು. ಮೂರನೆಯ ಸಲ ಎತ್ತಿದ ಕೂಡಲೇ, "ಇಡಬ್ಯಾಡ್ರಿ, ನಾ ನೀಲಕ್ಕರಿ, ಖರೇ ನೀಲಕ್ಕ ಅದೀನ್ರಿ!" ಎಂದು ಚೀರಿದಳು. ಆಚೆ ಕಡೆ ಬಾಬುಸಾಹೇಬರು ಯಾರಿಗೋ "ಏ, ಅದ ಮಷಿನ್ ಐತಿ, ಇಡೋ" ಎಂದದ್ದು ನನಗೂ ಕೇಳಿಸಿತು. ಆಮೇಲೆ ಎತ್ತಲೇ ಇಲ್ಲ. ಹೀಗೇ ಮುಕ್ಕಾಲು ತಾಸು ಹೋಯಿತು. ನಡುವೆ ನರಗುಂದದಿಂದ ಎರಡು ಸಲ ಫೋನು ಬಂತು.

ಕೊನೆಗೆ ನಾನು ನನ್ನ ಮೊಬೈಲಿನಿಂದ ಹಚ್ಚಿದೆ. ಹೊಸ ದನಿ. ಬಾಬುಸಾಹೇಬರು ಕೂಡಲೇ ಮಾತಾಡಿದರು.

"ಅಯ್ಯ, ಆ ಮಷಿನ್ ದಿನಾ ಹತ್ತ ಸಲ ತಲಿ ತಿಂತೈತ್ರಿ, ಅದ ಅಂತ ತಿಳಕೊಂಡ್ವಿ. ನೀಲಕ್ಕಾರು ಇನ್ನೂ ಅದಾರೇನ್ರಿ? ಬಿಟ್ಟ ಹೋಗ್ಯಾರಂದ್ರಲ್ಲಾ!"

ಸ್ಪೀಕರು ಹಾಕಿದ್ದೆ. ನೀಲಕ್ಕ ಪಕ್ಕದಲ್ಲೇ ನಿಂತಿದ್ದಳು.

ಇಂಜೆಕ್ಷನ್ನು ಬರ್ಫದ ಡಬ್ಬಿಯಲ್ಲಿ ಗಜೇಂದ್ರಗಡದಿಂದ ಬಸ್ಸಿಗೆ ಬಂತು. ನೀಲಕ್ಕ ರೋಣದ ಸ್ಟ್ಯಾಂಡಿನಲ್ಲಿ ಕಾದು ಡಬ್ಬಿ ಇಳಿಸಿಕೊಂಡು, ಆಸ್ಪತ್ರೆಯ ಜೀಪಿನಲ್ಲಿ ನರಗುಂದಕ್ಕೆ ತಾನೇ ಒಯ್ದಳು. ಹೆಣ್ಣುಮಗಳು ಬದುಕಿದಳು. ಕಚ್ಚಿದ ಕೈಯ ಎರಡು ಬೆರಳು ತೆಗೆಯಬೇಕಾಯಿತು. ಆ ಮುಕ್ಕಾಲು ತಾಸು ಉಳಿದಿದ್ದರೆ ಬೆರಳೂ ಉಳಿಯುತ್ತಿದ್ದವೇ ಎಂದು ನೀಲಕ್ಕ ಡಾಕ್ಟರನ್ನು ಕೇಳಿದಳಂತೆ.

ಆಡಳಿತಾಧಿಕಾರಿ ಎಲ್ಲರೆದುರು ಆಕೆಗೆ ಶಾಲು ಹೊದಿಸಿದರು. ಇನ್ನು ತನ್ನ ಕೆಲಸಕ್ಕೆ ಭಯವಿಲ್ಲವೆಂದು ಆಕೆ ನಂಬಿದಳು, ನಾನೂ ನಂಬಿದೆ. ಮರುದಿನ ಅವರು ನನ್ನನ್ನು ಕರೆದು, ನೀಲಕ್ಕ ಏನು ಮಾಡಿದಳು, ಯಾಕೆ ಮಾಡಿದಳು, ಎಲ್ಲ ಬರೆದುಕೊಡು ಎಂದರು. ಹೆಸರಿನ ಬೆಳೆ, ಬಾಬುಸಾಹೇಬರ ಅಂಗಡಿ, ಬಸ್ಸಿನ ವೇಳೆ, ಎಲ್ಲ ಬರೆದೆ. ಮಷಿನ್ನು ಅದನ್ನೂ ಕಲಿಯಿತು. ಮತ್ತೆ ತಪ್ಪಲಿಲ್ಲ. ಒಮ್ಮೆಯಾದರೂ ತಪ್ಪಲಿ ಎಂದು ನಾನು ಕಾದಿದ್ದೆ, ಆಸ್ಪತ್ರೆಯಲ್ಲಿ ಇಂಥದ್ದನ್ನು ಬಯಸಬಾರದೆಂದು ಗೊತ್ತಿದ್ದೂ.

ದೀಪಾವಳಿ ಮುಗಿದ ಮೇಲೆ, ತಿಂಗಳ ಕೊನೆಗೆ ಕೆಲಸ ಮುಗಿಯುತ್ತದೆಂದು ನೀಲಕ್ಕನ ಕೈಗೆ ಕಾಗದ ಕೊಟ್ಟರು. ಆಕೆ ನನ್ನ ಕೌಂಟರಿಗೆ ಬಂದು, ಔಷಧಿಗೆ ನಿಂತವರ ಹಿಂದೆ ಪಾಳಿ ಹಚ್ಚಿ, ತನ್ನ ಸರದಿ ಬಂದಾಗ ಮೆಲ್ಲಗೆ ಕೇಳಿದಳು:

"ನೀ ಬರದದ್ದನ್ನ ಅಳಸಾಕ ಬರೂದಿಲ್ಲೇನ ತಂಗಿ?"

"ಇಲ್ರಿ ಅಕ್ಕಾ," ಎಂದೆ.

"ಒಂದೀಟ? ಅರ್ಧಾ ಆದ್ರೂ?"

ಹಿಂದೆ ನಿಂತ ಮುದುಕ "ಲಗೂ ಮಾಡ್ರಿ" ಎಂದ. ಆಕೆ ಸರಿದು ದಾರಿ ಬಿಟ್ಟಳು.

ಎಲ್ಲೆಲ್ಲೋ ಕೆಲಸ ಕೇಳಿದಳು. ಬಾಬುಸಾಹೇಬರೂ ಅಂಥದೇ ಮಷಿನ್ನು ಹಾಕಿಸಿಕೊಂಡಿದ್ದರು. ಕೋಣೆ ಖಾಲಿ ಮಾಡಿ ಲಕ್ಕಲಕಟ್ಟಿಯ ಅಕ್ಕನ ಮನೆ ಸೇರಿದಳು.

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದೆ. ನೋಡಲಿಕ್ಕೆಂದೇ ಹೋದೆ ಎಂದು ಬರೆಯಬಹುದಿತ್ತು. ಹಾಗಲ್ಲ, ನನ್ನನ್ನು ಕಳಿಸಿದ್ದರು. ಆ ವ್ಯವಸ್ಥೆಯನ್ನು ಬೇರೆ ಆಸ್ಪತ್ರೆಗಳಿಗೂ ಹಾಕುವವರಿದ್ದರು. ನೀಲಕ್ಕನ ದನಿಯಲ್ಲಿ ಇನ್ನೂ ಮುನ್ನೂರು ವಾಕ್ಯ ಬೇಕಿತ್ತು. ಅದಕ್ಕೆ ಒಂದಿಷ್ಟು ಹಣ ಕೊಡುತ್ತಿದ್ದರು. ಒಲ್ಲೆ ಅನ್ನಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಮಾತು ಮುಗಿಯುವ ಮೊದಲೇ ಆಕೆ ಒಪ್ಪಿದಳು.

ದನದ ಕೊಟ್ಟಿಗೆಯ ಮಗ್ಗುಲ ಕೋಣೆಯಲ್ಲಿ ಕದ ಮುಚ್ಚಿ ಕೂತೆವು. ನಾನು ಮೊಬೈಲು ಹಿಡಿದೆ, ಆಕೆ ಹಾಳೆ ನೋಡಿ ಓದಿದಳು. ಮಾಲ ಬಂದಿಲ್ರಿ. ಬಿಲ್ ಕಳಸ್ರಿ. ಆತ್ರಿ, ಉಪಕಾರ ಆತು. ನಾಲ್ಕನೆಯ ಹಾಳೆಯಲ್ಲಿ ಓದು ನಿಲ್ಲಿಸಿದಳು.

"ಇದು ಎಲ್ಲಿಂದ ಬಂತ ತಂಗಿ?"

ನೋಡಿದೆ. "ಸಾಹೇಬ್ರ, ಮಗಳ ಹೆರಿಗಿ ಆತೇನ್ರಿ? ಆರಾಮ ಅದಾಳಿಲ್ಲೋ?" ಎಂದಿತ್ತು.

"ನಿಮ್ಮ ಹಳೀ ಫೋನಿನಾಗಿಂದ ತಗೊಂಡಾರ್ರಿ. ಮಾತಿನ ನಡುವ ಹಿಂಗ ಕೇಳಿದ್ರ ಅವ್ರು ಫೋನ್ ಇಡೂದಿಲ್ಲಂತ."

"ಬಾಬುಸಾಹೇಬ್ರ ಮಗಳು," ಎಂದಳು. "ಭಾಳ ತ್ರಾಸ ಆಗಿತ್ತ ಅಕಿಗಿ. ನನಗ ಖರೇನ ಚಿಂತಿ ಹತ್ತಿತ್ತು, ಅದಕ್ಕ ಕೇಳಿದ್ದೆ." ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: "ಇದನ್ನೊಂದ ಬಿಟ್ಟಬಿಡೂಣು."

ಒಂದು ಬಿಟ್ಟರೂ ಕಂಪನಿಯವರು ತೆಗೆದುಕೊಳ್ಳುವುದಿಲ್ಲ ಎಂದೆ. ಅದು ಖರೆಯೇ ಆಗಿತ್ತು. ಆಕೆ ಓದಿದಳು. ದನಿ ನಡುಗಿತು. ಮೊಬೈಲಿನ ಮೇಲೆ ಕೆಂಪು ಗುರುತು ಮೂಡಿತು.

"ಇನ್ನೊಮ್ಮೆ ಓದ್ಬೇಕಾಗ್ತೈತ್ರಿ, ಅಕ್ಕಾ," ಎಂದೆ.

ನೀಲಕ್ಕ ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಮತ್ತೆ ಓದಿದಳು. ಈ ಸಲ ಸ್ವಚ್ಛವಾಗಿ ಬಂತು, ನಿಜವಾಗಿ ಯಾರನ್ನೋ ಕೇಳಿದ ಹಾಗೆ. ಹಸಿರು ಗುರುತು ಮೂಡಿತು. ಉಳಿದದ್ದನ್ನು ಎಲ್ಲಿಯೂ ನಿಲ್ಲದೆ ಮುಗಿಸಿದಳು.

ಬಸ್ಸಿನವರೆಗೆ ಕಳಿಸಲು ಬಂದಳು. ಅದೇ ಕೊನೆಯ ಭೇಟಿ. ಮತ್ತೆ ಹೋಗುವ ಮುಖ ನನಗಿಲ್ಲ. ಬಸ್ಸು ಹತ್ತಿ, ಕಿಟಕಿಯಿಂದ "ಬರ್ತೀನ್ರಿ ಅಕ್ಕಾ, ಆರಾಮ ಇರ್ರಿ" ಎಂದೆ. ಆಕೆ ಕೈ ಎತ್ತಿದಳು. ಏನೋ ಹೇಳುತ್ತಾಳೆಂದು ಕಿಟಕಿಯ ಹೊರಗೆ ಬಗ್ಗಿದೆ. ಆಕೆ, ಮಷಿನ್ನಿನಲ್ಲಿ ತನ್ನ ದನಿ ಮೊದಲ ಸಲ ಕೇಳಿದ ದಿನದ ಹಾಗೆ, ಬಾಯಿಗೆ ಸೆರಗು ಹಿಡಿದುಕೊಂಡಳು.