ಪಟ್ಟಿಯ ವೆಂಡೆಲ್

ಅಮೆರಿಕದ ನಮ್ಮ ವರ್ಮಾಂಟಿನ ಗುಡ್ಡದಲ್ಲಿ, ಹಿಮದ ಮೇಲೆ ನಿಂತು ಜಾರುವ ಹಲಗೆ, ಅಂದರೆ ಸ್ನೋಬೋರ್ಡ್, ಬಾಡಿಗೆಗೆ ಕೊಡುವ ಮುದುಕ ವೆಂಡೆಲ್ ಹತ್ತಿರ, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗಿನಲ್ಲಿ, ತುಳಿದ ಕೂಡಲೇ ತಾನೇ ಕಚ್ಚಿಕೊಳ್ಳುವ ಹೊಸದನ್ನು ಕೇಳಿದಿರೋ, ಕೆಟ್ಟಿರಿ. "ಯಾಕಪ್ಪಾ, ಸೊಂಟ ಬಗ್ಗಲ್ವಾ? ಅಷ್ಟು ಅವಸರ ಇದ್ರೆ ಉರುಳ್ಕೊಂಡೇ ಹೋಗು!" ಎಂದು ಗದರಿ ಕೈಯಿಂದ ಬಿಗಿಯುವ ಹಳೇ ಪಟ್ಟಿಯದನ್ನೇ ಕೈಗಿಡುತ್ತಾನೆ. ಪಟ್ಟಿಯವರು, ಗುಡ್ಡದ ತುದಿಗೆ ಒಯ್ಯುವ ತೂಗುಕುರ್ಚಿಯ ಲಿಫ್ಟ್ ಇಳಿದ ಮೇಲೆ, ಹಿಮದಲ್ಲಿ ಕೂತು ಕಾಲು ಬಿಗಿದುಕೊಳ್ಳಬೇಕು; ಹೊಸ ಬೈಂಡಿಂಗಿನವರು ಪಕ್ಕದಲ್ಲೇ ಸುಯ್ಯೆಂದು ಜಾರಿಹೋಗುತ್ತಾರೆ. "ಆ ಕೂರೋದೇ ಸುಖ ಕಣಯ್ಯಾ," ಅನ್ನುತ್ತಾನೆ, ಮೇಲೆ ಲಿಫ್ಟ್ ನೋಡಿಕೊಳ್ಳುವ ನನಗೆ. ಹೆಂಡತಿ ಡೋರೀನ್ ಬದುಕಿದ್ದಾಗ ತನ್ನ ಪಟ್ಟಿ ಬಿಗಿದು ಅವಳದನ್ನೂ ಬಿಗಿಯುತ್ತಿದ್ದ. ಅವಳು ಬೇಕೆಂದೇ "ಇನ್ನೂ ಸಡಿಲ ಕಣೋ" ಎಂದು ಕೂರಿಸಿಕೊಳ್ಳುತ್ತಿದ್ದಳು. ಈ ಚಳಿಗಾಲವೂ ಮೇಲೆ ಬರುತ್ತಾನೆ, ತನ್ನ ಪಟ್ಟಿ ಬಿಗಿಯುತ್ತಾನೆ, ಅದಕ್ಕೆಂದು ಕಳಚಿದ ಕೈಗವಸನ್ನು ಆಮೇಲೂ ಹಾಕಿಕೊಳ್ಳುವುದಿಲ್ಲ. ಇನ್ನೊಬ್ಬರ ಕಾಲು ಬಿಗಿಯುವುದು ಬಾಕಿ ಇದ್ದವನ ಹಾಗೆ, ಬರಿಗೈಯಲ್ಲಿ ಕೂತೇ ಇರುತ್ತಾನೆ.